ಸಿಗಾರ್ ಪೆಟ್ಟಿಗೆಗೆ ಇರೋ ಉಪಚಾರ ಬೀಜದ ಡಬ್ಬಿಗೆ ಯಾಕಿಲ್ಲ?

ಜಯನಗರದಲ್ಲಿ ನಾನು ವಾರಕ್ಕೊಮ್ಮೆ ತರಕಾರಿ ಕೊಡುವ ಮನೆಯೊಂದರಲ್ಲಿ ಹ್ಯೂಮಿಡಾರ್ ಇದೆ, ಅಂದ್ರೆ ಸಿಗಾರ್ ಇಡೋ ಮರದ ಪೆಟ್ಟಿಗೆ. ಒಳಗೆ ಸೀಡರ್ ಹಲಗೆ, ಮುಚ್ಚಳದಲ್ಲಿ ತೇವ ತೋರಿಸುವ ಮೀಟರ್. ತೇವಾಂಶ ಶೇ. 65ರಿಂದ 70ರ ಆಸುಪಾಸಿನಲ್ಲೇ ನಿಲ್ಲಬೇಕು. ಕಮ್ಮಿಯಾದರೆ ಎಲೆ ಪುಡಿ, ಜಾಸ್ತಿಯಾದರೆ ಬೂಸ್ಟು. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬ್ಯಾರನ್‌ನಲ್ಲಿ ಬೇಯಿಸಿದ ಎಲೆ ತೇವ ಕುಡಿದು ಮೆತ್ತಗಾಗುವ ತನಕ ಅವರು ಅದನ್ನು ಇಳಿಸೋದಿಲ್ಲ.

ಸುಟ್ಟು ಬೂದಿಯಾಗೋ ಎಲೆಗೆ ಇಷ್ಟು ಕಾಳಜಿ! ನಾವೋ, ಮುಂದಿನ ವರ್ಷದ ಬೆಳೆಯಾಗಬೇಕಾದ ಬೀಜವನ್ನು ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಎಸೀತೀವಿ. ಮೊಳಕೆ ಬರದಿದ್ದರೆ 'ನಾಟಿ ಬೀಜ ಇಷ್ಟೇ' ಅಂತ ಬೈದು ಹೈಬ್ರಿಡ್ ಪ್ಯಾಕೆಟ್ ತರ್ತೀವಿ. ತಪ್ಪು ತಳಿಯದ್ದಲ್ಲ, ಅಟ್ಟದ್ದು. ಮಳೆಗಾಲದಲ್ಲಿ ಬೆಂಗಳೂರಿನ ಬೆಳಗಿನ ಗಾಳಿಯ ತೇವಾಂಶ ಶೇ. 80 ದಾಟುತ್ತೆ. ಬಿಸಿಲಲ್ಲಿ ಎಷ್ಟೇ ಒಣಗಿಸಿದ್ದರೂ ಬೀಜ ಅದನ್ನು ವಾಪಸ್ ಕುಡಿಯುತ್ತೆ. 'ಊಟ ಫ್ರಮ್ ಯುವರ್ ತೋಟ' ಸಂತೆಯಲ್ಲಿ ಕೈ ಬದಲಾಗುವ ಕಾಗದದ ಪೊಟ್ಟಣದ ಬೀಜ ಬನಶಂಕರಿಯ ತಾರಸಿಯಲ್ಲಿ ಮೊಳೆಯದೇ ಇದ್ದರೆ ಕಾರಣ ಬಹುಮಟ್ಟಿಗೆ ಇದೇ.

ಹ್ಯೂಮಿಡಾರ್‌ನ ಶಿಸ್ತು ನಮಗೆ ಬೇಕು, ಅದರ ಅಂಕಿ ಬೇಡ. ಶೇ. 70 ಸಿಗಾರಿಗೆ ಸುಖ, ಬೀಜಕ್ಕೆ ಮರಣಶಾಸನ. ಬೀಜದ ಡಬ್ಬಿಯಲ್ಲಿ ಶೇ. 40ರ ಕೆಳಗಿರಲಿ. ಬೀಜದೊಳಗಿನ ತೇವ ಶೇ. 1ರಷ್ಟು ಇಳಿದರೆ ಆಯಸ್ಸು ಹೆಚ್ಚುಕಮ್ಮಿ ದುಪ್ಪಟ್ಟು. ಕಾಲೇಜಿನಲ್ಲಿ ಹ್ಯಾರಿಂಗ್ಟನ್ ಸೂತ್ರ ಅಂತ ಬಾಯಿಪಾಠ ಮಾಡಿದ್ದು ಇದನ್ನೇ. ಹಗೇವಿನಲ್ಲಿ ರಾಗಿ ಇಡುತ್ತಿದ್ದ ನಮ್ಮ ಹಿರಿಯರಿಗೆ ಸೂತ್ರ ಗೊತ್ತಿರಲಿಲ್ಲ, ಒಣಗಿಸಿ ಗಾಳಿಯಾಡದಂತೆ ಮುಚ್ಚೋದು ಗೊತ್ತಿತ್ತು.

ಕೆಲವು ನೂರು ರೂಪಾಯಿಗೆ ಪುಟ್ಟ ಡಿಜಿಟಲ್ ಮೀಟರ್ ಸಿಗುತ್ತೆ. ಕಣ್ಣು ಮುಚ್ಚಿ ನಂಬಬೇಡಿ. ಸಿಗಾರ್ ಮಂದಿ ಮಾಡೋ ಉಪ್ಪಿನ ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗದಂತೆ ನಾಲ್ಕು ಹನಿ ನೀರು ಬಿಟ್ಟು ಒದ್ದೆ ಮರಳಿನ ಹಾಗೆ ಮಾಡಿ. ಮೀಟರ್ ಜೊತೆ ಜಿಪ್ ಕವರಿನಲ್ಲಿಟ್ಟು ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ 75 ತೋರಿಸಬೇಕು. 70 ತೋರಿಸಿದರೆ ನಿಮ್ಮ ಮೀಟರ್ ಐದು ಕಮ್ಮಿ ಹೇಳ್ತಿದೆ ಅಂತ ಡಬ್ಬಿ ಮೇಲೆ ಬರೆದಿಡಿ.

ಇನ್ನು ರಬ್ಬರ್ ವಾಷರ್ ಇರೋ ಗಾಜಿನ ಭರಣಿ, ತೇವ ಹೀರಲು ಸಿಲಿಕಾ ಜೆಲ್. ಸಿಗದಿದ್ದರೆ ಚೆನ್ನಾಗಿ ಹುರಿದು ಆರಿಸಿದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಇಡಿ. ಮೀಟರ್ ಏರತೊಡಗಿದರೆ ಅಕ್ಕಿ ಬದಲಾಯಿಸಿ.

ಹುಳದ ವಿಷಯ: ಸಿಗಾರ್ ಕೊರೆಯುವ ಲಾಸಿಯೋಡರ್ಮಾ ದುಂಬಿಯೇ ನಮ್ಮ ಕೊತ್ತಂಬರಿ ಬೀಜವನ್ನೂ ಒಣ ಅರಿಶಿನವನ್ನೂ ತಿನ್ನೋದು. ಅವರು ಸಿಗಾರನ್ನು ಫ್ರೀಜರಿನಲ್ಲಿಟ್ಟು ಕೊಲ್ತಾರೆ. ಅವರೆ, ಅಲಸಂದೆ ಬೀಜಕ್ಕೂ ಇದು ನಡೆಯುತ್ತೆ, ಆದರೆ ಕಚ್ಚಿದರೆ ಕಟಕ್ ಅನ್ನುವಷ್ಟು ಒಣಗಿರಬೇಕು. ಹಸಿ ಇದ್ದರೆ ಹುಳದ ಜೊತೆ ಬೀಜವೂ ಸಾಯುತ್ತೆ. ಹೊರಗೆ ತೆಗೆದ ತಕ್ಷಣ ಮುಚ್ಚಳ ಬಿಚ್ಚಬೇಡಿ. ಭರಣಿಯ ತಣುಪು ಪೂರ್ತಿ ಹೋಗಲಿ, ಇಲ್ಲಾಂದ್ರೆ ಹೊರಗಿನ ತೇವವೆಲ್ಲ ಬೀಜದ ಮೇಲೇ ನೀರಾಗಿ ಕೂರುತ್ತೆ.