ಕುತ್ತಿಗೆಯ ಗಂಟಿಗೆ ಮೂಲವೆಲ್ಲಿ?

ಕುತ್ತಿಗೆಯಲ್ಲಿ ಗೋಲಿಯಷ್ಟು ಗಂಟು. ನೋವಿಲ್ಲ, ಜ್ವರವಿಲ್ಲ. ಕಾಫಿ ಕೊಯ್ಲು ಮುಗಿಯಲಿ, ಆಮೇಲೆ ತೋರಿಸಿದರಾಯಿತು ಎಂದು ಕೊಡಗಿನ ತೋಟ ಕಾರ್ಮಿಕರ ಲೈನ್‌ಮನೆಗಳಲ್ಲಿ ದಿನ ದೂಡುವವರಿದ್ದಾರೆ. ಕೊನೆಗೆ ಸೂಜಿ ಹಾಕಿ ಪರೀಕ್ಷಿಸಿದಾಗ ಕ್ಯಾನ್ಸರ್ ಎಂದು ಗೊತ್ತಾಗುತ್ತದೆ. ಅದು ಎಲ್ಲಿಂದಲೋ ಹರಡಿ ಬಂದದ್ದು; ಬಾಯಿ, ಗಂಟಲು ಎಷ್ಟು ನೋಡಿದರೂ ಹುಟ್ಟಿದ ಜಾಗ ಮಾತ್ರ ಸಿಗುವುದಿಲ್ಲ.

ನೂರು ಕ್ಯಾನ್ಸರ್ ರೋಗಿಗಳಲ್ಲಿ 3ರಿಂದ 5 ಮಂದಿಯದು ಇಂಥ ಮೂಲ ಸಿಗದ ಕಾಯಿಲೆ. ಮೂಲ ತಿಳಿಯದಿದ್ದರೆ ವಿಕಿರಣ ಎಲ್ಲಿಗೆ ಕೊಡಬೇಕು, ಯಾವ ಔಷಧ ಕೊಡಬೇಕು ಎಂಬುದೇ ಅಂದಾಜಿನ ಮಾತಾಗುತ್ತದೆ.

ಇಲ್ಲಿ ನೆರವಿಗೆ ಬರುವುದು ಪೆಟ್-ಸಿಟಿ ಸ್ಕ್ಯಾನ್. ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ಬಾಚಿ ತಿನ್ನುತ್ತವೆ ಎಂದು ಜರ್ಮನಿಯ ಒಟ್ಟೋ ವಾರ್ಬರ್ಗ್ 1920ರ ದಶಕದಲ್ಲೇ ಕಂಡಿದ್ದರು. ವಿಕಿರಣಶೀಲ ಫ್ಲೋರಿನ್ ಸೇರಿಸಿದ ಸಕ್ಕರೆಯನ್ನು ರಕ್ತನಾಳಕ್ಕೆ ಚುಚ್ಚಿ, ಅದು ಎಲ್ಲಿ ಗುಡ್ಡೆಯಾಗುತ್ತದೆಂದು ನೋಡುತ್ತಾರೆ. ಅದಕ್ಕೂ ಮುನ್ನ ಸುಮಾರು 6 ಗಂಟೆ ಉಪವಾಸ. ಚುಚ್ಚಿದ ಮೇಲೆ ಒಂದು ಗಂಟೆ ಮಾತಿಲ್ಲದೆ ಮಲಗಿರಬೇಕು. ಎಲೆಯಡಿಕೆ ಜಗಿದರೂ ದವಡೆಯ ಸ್ನಾಯು ಚಿತ್ರದಲ್ಲಿ ಹೊಳೆದುಬಿಡುತ್ತದೆ! ನಾಲಿಗೆಯ ಬುಡದಲ್ಲೋ ಟಾನ್ಸಿಲ್ ಮಡಿಕೆಯಲ್ಲೋ ಕಡಲೆಕಾಳಿನಷ್ಟು ಹೊಳಪು ಕಂಡರೆ ವೈದ್ಯರಿಗೆ ದಾರಿ ಸಿಕ್ಕಂತೆ. ಸರಿಸುಮಾರು ಮೂವರಲ್ಲಿ ಒಬ್ಬರಿಗೆ ಹೀಗೆ ಮೂಲ ಸಿಗುತ್ತದೆ. ಕ್ಷಯದ ಗಂಟೂ ಹೊಳೆಯುವುದರಿಂದ ಆ ಜಾಗದ ಚೂರು ತೆಗೆದು ಖಚಿತಪಡಿಸಿಕೊಳ್ಳಲೇಬೇಕು.

ಆದರೆ ಗಂಟಲಿನಿಂದ ಚೂರು ತೆಗೆಯುವುದು ಸ್ಕ್ಯಾನ್ ಆದ ಮೇಲೆಯೇ ಆಗಬೇಕು. ಮೊದಲೇ ತೆಗೆದರೆ ಆ ಗಾಯವೂ ಹೊಳೆದು ವೈದ್ಯರ ದಾರಿ ತಪ್ಪಿಸುತ್ತದೆ. ಊರೂರು ಅಲೆದು, ಒಂದೊಂದು ಕಡೆ ಒಂದೊಂದು ಪರೀಕ್ಷೆ ಮಾಡಿಸಿಕೊಂಡವರಿಗೆ ಈ ಕ್ರಮ ಎಲ್ಲಿ ಉಳಿಯಬೇಕು?

ಕೊಡಗಿನ ಮಡಿಕೇರಿಯಲ್ಲೇ ಪೆಟ್ ಯಂತ್ರ ಬೇಕೆಂಬುದು ಸಹಜ ಬೇಡಿಕೆ. ಆದರೆ ಸ್ಕ್ಯಾನಿಗೆ ಚುಚ್ಚುವ ಆ ವಿಕಿರಣಶೀಲ ಸಕ್ಕರೆಯ ಶಕ್ತಿ 110 ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. 2011ರ ಗಣತಿಯಂತೆ ಐದೂವರೆ ಲಕ್ಷ ಜನರ ಜಿಲ್ಲೆಯಲ್ಲಿ ದಿನವೂ ಅದನ್ನು ತರಿಸಿ ಯಂತ್ರ ನಡೆಸುವುದು ಕಷ್ಟ. ಅದಕ್ಕಿಂತ ಬೇಗ ಆಗಬಹುದಾದ ಕೆಲಸವಿದೆ. ಸೂಜಿ ಪರೀಕ್ಷೆಯ ವರದಿ ಬಂದ ದಿನವೇ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಿಂದ ಮೈಸೂರಿನ ಸ್ಕ್ಯಾನಿಗೆ ದಿನ ಗೊತ್ತುಮಾಡಿ ಕೊಡಲಿ. ರೋಗಿಗೂ ಜೊತೆಗೆ ಹೋಗುವವರಿಗೂ ಬಸ್ ಖರ್ಚು, ಕಳೆದುಕೊಳ್ಳುವ ಕೂಲಿ ಸರ್ಕಾರದಿಂದ ಸಿಗಲಿ. ರೈಲಿಲ್ಲದ ಜಿಲ್ಲೆಯಿದು, ಮೈಸೂರಿಗೆ ಸುಮಾರು 120 ಕಿಲೋಮೀಟರ್. ಖಾಲಿ ಹೊಟ್ಟೆಯಲ್ಲಿ ಬೆಳಗಿನ ಬಸ್ ಹತ್ತಿದವರನ್ನು ಅಲ್ಲಿ ಇನ್ನೊಂದು ದಿನ ಬನ್ನಿ ಎಂದು ವಾಪಸ್ ಕಳಿಸಬಾರದು.