ಕ್ಯಾಮೆರಾದ ಮುಂದೆ ನಿಂತವಳು ಯಾರು?

ಶಿವಾಜಿನಗರದ ಸಂತ ಮರಿಯಮ್ಮನವರ ಮಹಾದೇವಾಲಯದಲ್ಲಿ ಭಾನುವಾರದ ಬಲಿಪೂಜೆ ಮುಗಿಸಿ ರಸೆಲ್ ಮಾರುಕಟ್ಟೆಯತ್ತ ನಡೆದರೆ, ಕ್ಯಾಮೆರಾ ಹಿಡಿದ ಯುವಕರ ಗುಂಪುಗಳನ್ನು ಕಾಣುವುದು ಈಗ ಅಪರೂಪವಲ್ಲ. 1927ರಲ್ಲಿ ಕಟ್ಟಲಾದ ಆ ಹಳೆಯ ಕಟ್ಟಡದ ಕಮಾನುಗಳೂ ಹೂವು ಹಣ್ಣುಗಳ ರಾಶಿಯೂ ಅವರಿಗೆ ಒಳ್ಳೆಯ ಹಿನ್ನೆಲೆ. ಒಂದು ಮುಂಜಾನೆ ಅಲ್ಲಿ ರೂಪದರ್ಶಿಯೊಬ್ಬಳನ್ನು ನಿಲ್ಲಿಸಿ ಚಿತ್ರ ತೆಗೆಯುತ್ತಿದ್ದರು. ತೆಳು ಉಡುಪಿನಲ್ಲಿ ಚಳಿಗೆ ನಡುಗುತ್ತಿದ್ದ ಆ ಹುಡುಗಿಗೆ ಸಿಗುತ್ತಿದ್ದ ಸೂಚನೆಗಳೆಲ್ಲ ಸೊಂಟಕ್ಕೆ, ಭುಜಕ್ಕೆ, ಕತ್ತಿಗೆ. ಒಮ್ಮೆಯೂ ಅವಳನ್ನು ಹೆಸರು ಹಿಡಿದು ಕರೆದದ್ದು ಕೇಳಿಸಲಿಲ್ಲ. ಹಿಂದೆ ಹೂ ಕಟ್ಟುತ್ತಿದ್ದ ತಾಯಿಯನ್ನು, "ಸ್ವಲ್ಪ ಆ ಕಡೆ ಹೋಗಮ್ಮ, ಫೋಟೋದಲ್ಲಿ ಬರ್ತೀಯ" ಎಂದು ಎಬ್ಬಿಸಿದರು. ನೋಡುತ್ತಿದ್ದ ನಮ್ಮವರೊಬ್ಬರು "ಎಂಥ ಬಟ್ಟೆಯಪ್ಪಾ!" ಎಂದು ಮೂಗು ಮುರಿದರು. ತಪ್ಪು ಇದ್ದದ್ದು ಬಟ್ಟೆಯಲ್ಲಿ ಮಾತ್ರವೇ?

ಬಟ್ಟೆಯ ಅಳತೆ ಹಿಡಿದು ವಾದಿಸುವುದು ನಮಗೆ ಹಳೆಯ ಅಭ್ಯಾಸ. 1996ರ ನವೆಂಬರ್ 23ರಂದು ಇದೇ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ದೊಡ್ಡ ಪ್ರತಿಭಟನೆಗಳಾದವು. ಕೊನೆಗೆ ಆದದ್ದೇನು? ಈಜುಡುಗೆಯ ಸುತ್ತನ್ನು ಸೀಷೆಲ್ಸ್ ದ್ವೀಪಗಳಿಗೆ ಸಾಗಿಸಲಾಯಿತು. ಉಳಿದದ್ದು ಇಲ್ಲೇ ನಡೆಯಿತು. ಹೆಣ್ಣಿನ ದೇಹಕ್ಕೆ ಅಂಕ ಕೊಡುವುದೇ ಸರಿಯೇ ಎಂಬ ಮೂಲ ಪ್ರಶ್ನೆ ಹಾಗೆಯೇ ಉಳಿಯಿತು. ಏಳು ವರ್ಷಗಳ ಬಳಿಕ, 2003ರಲ್ಲಿ, ಈಜುಡುಗೆಯ ರೂಪದರ್ಶಿಯರ ಕಿಂಗ್‌ಫಿಷರ್ ಕ್ಯಾಲೆಂಡರ್ ಹೊರಬಂತು. ಬಿಯರಿನ ಹೆಸರಿಗೂ ಹೆಣ್ಣಿನ ಮೈಗೂ ಏನು ಸಂಬಂಧ ಎಂದು ಎಷ್ಟು ಮಂದಿ ಕೇಳಿದೆವು?

"ಇದು ಕಲೆ, ಕಲೆಯಾಗಿಯೇ ನೋಡಿ" ಎನ್ನುವವರಿದ್ದಾರೆ. ಆ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ನಗ್ನತೆ ಇದ್ದ ಮಾತ್ರಕ್ಕೆ ಚಿತ್ರ ಅಶ್ಲೀಲವಾಗದು, ಸಂದರ್ಭವನ್ನು ನೋಡಬೇಕು ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯವೂ 2014ರಲ್ಲಿ ಹೇಳಿದೆ. ಧರ್ಮಸಭೆಯೂ ದೇಹವನ್ನು ಹೊಲಸೆಂದು ಬಗೆದಿಲ್ಲ. ಮೈಕೆಲೇಂಜೆಲೊ 1541ರಲ್ಲಿ ಮುಗಿಸಿದ ಅಂತಿಮ ತೀರ್ಪಿನ ಚಿತ್ರದ ನಗ್ನ ದೇಹಗಳಿಗೆ 1565ರಲ್ಲಿ ಬಟ್ಟೆ ಬಳಿಯಲಾಯಿತು, ನಿಜ; ಆದರೆ 1994ರಲ್ಲಿ ಮುಗಿದ ಜೀರ್ಣೋದ್ಧಾರದಲ್ಲಿ ನಂತರದ ಕಾಲದ ಹಲವು ಹೊದಿಕೆಗಳನ್ನು ತೆಗೆಯಲಾಯಿತು. ಆ ವರ್ಷವೇ ಸಂತ ಎರಡನೇ ಜಾನ್ ಪಾಲ್‌ರವರು ಆ ಪ್ರಾರ್ಥನಾಲಯವನ್ನು ಮಾನವ ದೇಹದ ದೈವಶಾಸ್ತ್ರದ ಗರ್ಭಗುಡಿಯೆಂಬಂತೆ ಕೊಂಡಾಡಿದರು.

ಆದರೆ ಅವರೇ 1981ರ ಏಪ್ರಿಲ್-ಮೇ ತಿಂಗಳ ಬುಧವಾರದ ಬೋಧನೆಗಳಲ್ಲಿ ಒಂದು ಸೂಕ್ಷ್ಮವನ್ನು ತಿಳಿಸಿದ್ದರು. ಚಿತ್ರಕಾರನ ಕೈಯಲ್ಲಿ ದೇಹವು ರೂಪಾಂತರಗೊಳ್ಳುತ್ತದೆ. ಛಾಯಾಚಿತ್ರದಲ್ಲಾದರೋ ಜೀವಂತ ವ್ಯಕ್ತಿಯ ದೇಹವೇ ಮೂಡುತ್ತದೆ, ಅಪರಿಚಿತರ ಕೈಸೇರುತ್ತದೆ. ಆದ್ದರಿಂದ ಛಾಯಾಗ್ರಾಹಕನ ಹೊಣೆ ದೊಡ್ಡದು. ಚಿತ್ರ ನೋಡಿದಾಗ ಅಲ್ಲೊಬ್ಬ ವ್ಯಕ್ತಿ ಕಾಣುತ್ತಾಳೆಯೇ, ಇಲ್ಲವೇ ಬರಿಯ ಅಂಗಾಂಗಗಳೇ? ಇದೇ ನಮ್ಮ ಅಳತೆಗೋಲಾಗಲಿ. ಈ ಅಳತೆಗೋಲಿನಲ್ಲಿ ಮೈತುಂಬ ಸೀರೆಯುಟ್ಟವಳ ಜಾಹೀರಾತೂ ಸೋಲಬಹುದು. ಹರಿದ ಬಟ್ಟೆಯ ಬಡವಿಯ ಚಿತ್ರವೂ ಗೆಲ್ಲಬಹುದು. ಹಸಿ ಮಾಂಸವನ್ನು ತೂಗಿ ಮಾರುವುದಕ್ಕೆ ಮಾರುಕಟ್ಟೆಯಲ್ಲಿ ಬೇರೆ ಸಾಲೇ ಇದೆ. ಮನುಷ್ಯರನ್ನು ಆ ತಕ್ಕಡಿಗೆ ಏರಿಸಬಾರದು.

ಇಲ್ಲಿ ಸುಳ್ಳೂ ಬೆರೆತಿದೆ. ಸೊಂಟವನ್ನು ಸಣ್ಣದಾಗಿಸಿ, ಚರ್ಮವನ್ನು ಬೆಳ್ಳಗಾಗಿಸಿ ತೋರಿಸುವ ದೇಹ ಆ ರೂಪದರ್ಶಿಗೂ ಇಲ್ಲ. ಫ್ರಾನ್ಸಿನಲ್ಲಿ ಹೀಗೆ ಮೈಕಟ್ಟನ್ನು ತಿದ್ದಿದ ಜಾಹೀರಾತು ಚಿತ್ರಗಳಲ್ಲಿ ಅದನ್ನು ನಮೂದಿಸಬೇಕೆಂಬ ನಿಯಮ 2017ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ನಮ್ಮ ಮನೆಯ ಹೆಣ್ಣುಮಕ್ಕಳೋ, ಇಲ್ಲದ ಆ ದೇಹವನ್ನು ಕಂಡು ಕನ್ನಡಿಯ ಮುಂದೆ ಕೊರಗುತ್ತಾರೆ. ದೇವರು ತನ್ನ ರೂಪದಲ್ಲಿ ಸೃಷ್ಟಿಸಿ ಒಳ್ಳೆಯದೆಂದು ಕಂಡದ್ದನ್ನು ಸಾಲದು ಎನ್ನುವ ಅಧಿಕಾರವನ್ನು ಈ ಉದ್ಯಮಕ್ಕೆ ಕೊಟ್ಟವರಾರು?

ನಾವೇ ಅಲ್ಲವೇ? ಕಾಮದ ನೋಟದ ಬಗ್ಗೆ ಹೇಳುವಾಗ ಪ್ರಭು ಯೇಸು ತಪ್ಪು ಹೊರಿಸಿದ್ದು ನೋಡುವವನ ಹೃದಯದ ಮೇಲೆ, ನೋಡಿಸಿಕೊಂಡವಳ ಮೇಲಲ್ಲ. ಚಿತ್ರವನ್ನು ದೂಷಿಸುತ್ತಲೇ ಮೊಬೈಲಿನಲ್ಲಿ ಮತ್ತೆ ಮತ್ತೆ ತೆರೆದು ನೋಡುವ ಗಂಡಸರು ಇದನ್ನು ಯೋಚಿಸಲಿ. ವಿವಾಹಪೂರ್ವ ಚಿತ್ರೀಕರಣಕ್ಕೆ ಸಾಲ ಮಾಡಿ, ಸಿನಿಮಾ ಜೋಡಿಗಳಂತೆ ಅಪ್ಪಿ ನಿಲ್ಲುವಂತೆ ಮಕ್ಕಳನ್ನು ಹುರಿದುಂಬಿಸುವ ಹೆತ್ತವರೂ ಯೋಚಿಸಲಿ.

ಅಲಂಕಾರ ಪಾಪವಲ್ಲ. ಸೆಪ್ಟೆಂಬರ್ 8ರ ಹಬ್ಬದಲ್ಲಿ ಇದೇ ಶಿವಾಜಿನಗರದ ಬೀದಿಗಳಲ್ಲಿ ಸೀರೆಯುಟ್ಟು, ಹೂ ಮುಡಿದು ತೇರಿನಲ್ಲಿ ಬರುವ ಮಾತೆ ಮರಿಯಮ್ಮನನ್ನು ನೋಡಿ: ಅಷ್ಟೆಲ್ಲ ಅಲಂಕಾರವೂ ನಮ್ಮ ಕಣ್ಣನ್ನು ಕೊನೆಗೆ ಆಕೆಯ ಮುಖದತ್ತಲೇ ಒಯ್ಯುತ್ತದೆ.

ಅಂದು ಚಿತ್ರೀಕರಣ ಮುಗಿದ ಮೇಲೆ ಹೂವಿನ ತಾಯಿ ತನ್ನ ಜಾಗಕ್ಕೆ ಮರಳಿ, ಒಂದು ತುಂಡು ಮಲ್ಲಿಗೆಯನ್ನು ಆ ಹುಡುಗಿಯತ್ತ ಚಾಚಿ, "ಚಳಿಯಾಗ್ತಿದ್ಯಾ ಮಗಾ? ನಿನ್ನ ಹೆಸರೇನು?" ಎಂದರು. ಆ ಬೆಳಗ್ಗೆ ಅವಳನ್ನು ನಿಜವಾಗಿ ನೋಡಿದ್ದು ಕ್ಯಾಮೆರಾ ಇಲ್ಲದ ಆ ಒಬ್ಬರೇ.