ಸಿಕ್ಕಿಬೀಳದವನೆಲ್ಲ ಶುದ್ಧನೆ?

1967ರ ಜುಲೈ 13ರಂದು, ಫ್ರಾನ್ಸಿನ ಮೋಂ ವಾಂತು ಬೆಟ್ಟದ ಏರಿನಲ್ಲಿ, ಇಂಗ್ಲೆಂಡಿನ ಸೈಕಲ್ ಸವಾರ ಟಾಮ್ ಸಿಂಪ್ಸನ್ ಉರಿಬಿಸಿಲಿನಲ್ಲಿ ಕುಸಿದು ಬಿದ್ದನು. ಎತ್ತಿ ಕೂರಿಸಿದರು, ಸ್ವಲ್ಪ ದೂರ ತುಳಿದು ಮತ್ತೆ ಬಿದ್ದವನು ಮೇಲೇಳಲಿಲ್ಲ. ವಯಸ್ಸು 29. ದೇಹದಲ್ಲಿ ಆಂಫೆಟಮಿನ್ ಎಂಬ ಉದ್ದೀಪನ ಮದ್ದೂ ಮದ್ಯವೂ ಕಂಡುಬಂದವು. ವಿಪರ್ಯಾಸವೆಂದರೆ, ಹಿಂದಿನ ವರ್ಷವಷ್ಟೇ ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಮೊದಲ ಬಾರಿಗೆ ಮದ್ದಿನ ಪರೀಕ್ಷೆ ನಡೆದಾಗ, ಸವಾರರು ಸೈಕಲ್ಲಿನಿಂದ ಇಳಿದು ಪ್ರತಿಭಟಿಸಿದ್ದರು.

ಕಾಲ ಕಳೆದಂತೆ ಮೋಸವೂ ಜಾಣತನ ಕಲಿಯಿತು. 1990ರ ದಶಕದಲ್ಲಿ ಬಳಕೆಗೆ ಬಂದ ಇಪಿಓ, ಮೂತ್ರಪಿಂಡದ ರೋಗಿಗಳ ರಕ್ತಹೀನತೆಯನ್ನು ನೀಗಲೆಂದು ಹುಟ್ಟಿದ ಔಷಧ. ಅದು ರಕ್ತದ ಕೆಂಪು ಕಣಗಳನ್ನು ಹೆಚ್ಚಿಸುತ್ತದೆ. ಕಣ ಹೆಚ್ಚಿದಷ್ಟೂ ಸ್ನಾಯುಗಳಿಗೆ ಆಮ್ಲಜನಕ ಹೆಚ್ಚು. ಅದನ್ನು ನೇರವಾಗಿ ಪತ್ತೆಹಚ್ಚುವ ಪರೀಕ್ಷೆ ಆಗ ಇರಲಿಲ್ಲವಾದುದರಿಂದ, ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ 50ನ್ನು ಮೀರಕೂಡದೆಂದು 1997ರಲ್ಲಿ ಕಟ್ಟಳೆಯಾಯಿತು. ಲ್ಯಾಕ್ಟೊಮೀಟರಿಗೆ ಹೆದರಿ ಹಾಲಿನವನು ನೀರು ಬೆರೆಸುವುದನ್ನು ಬಿಟ್ಟಾನೆಯೆ? ಒಂದಿಷ್ಟು ಸಕ್ಕರೆಯನ್ನೂ ಬೆರೆಸಿ ಅಳತೆಯನ್ನು ಸರಿದೂಗಿಸುತ್ತಾನೆ. ಹಲವು ಸವಾರರೂ ಪರೀಕ್ಷೆಗೆ ಮುನ್ನ ರಕ್ತನಾಳಕ್ಕೆ ಉಪ್ಪುನೀರು ಹತ್ತಿಸಿ 50ರ ಗೆರೆಯೊಳಗೆ ಉಳಿದರು.

1999ರಿಂದ 2005ರವರೆಗೆ ಸತತವಾಗಿ ಏಳು ಬಾರಿ ಗೆದ್ದ ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್, ಅಷ್ಟೂ ಪರೀಕ್ಷೆಗಳನ್ನು ದಾಟಿಬಂದುದನ್ನೇ ತನ್ನ ಶುದ್ಧತೆಗೆ ಸಾಕ್ಷಿಯೆಂದು ಸಾರುತ್ತಿದ್ದನು. ಕೊನೆಗೆ ಆತನನ್ನು ಕೆಡವಿದ್ದು ತಂಡದ 11 ಮಂದಿ ಹಳೆಯ ಜೊತೆಗಾರರ ಸಾಕ್ಷ್ಯ. 2012ರಲ್ಲಿ ಏಳು ಪ್ರಶಸ್ತಿಗಳೂ ರದ್ದಾದವು.

2008ರಿಂದ ಪ್ರತಿ ಸವಾರನ ರಕ್ತದ ಲೆಕ್ಕವನ್ನು ವರ್ಷಗಟ್ಟಲೆ ಬರೆದಿಟ್ಟು, ಅವನನ್ನು ಅವನೊಡನೆಯೇ ಹೋಲಿಸಿ ನೋಡುವ ಪದ್ಧತಿ ಬಂದಿದೆ. ದಿಢೀರನೆ ಕಂಡ ಏರುಪೇರಿಗೆ ಉತ್ತರ ಹೇಳಬೇಕಾಗುತ್ತದೆ. ಹಿಂದಿನಂತೆ ಮನಬಂದಷ್ಟು ಮದ್ದು ಸೇವಿಸಿ ದಕ್ಕಿಸಿಕೊಳ್ಳುವುದು ಇಂದು ಸುಲಭವಲ್ಲ. ಆದರೆ ಅತ್ಯಲ್ಪ ಪ್ರಮಾಣದ ಸೇವನೆ ಈ ಜಾಲದಿಂದಲೂ ನುಸುಳಬಲ್ಲದು.

ಆದುದರಿಂದ ಸಂಶಯ ಸತ್ತಿಲ್ಲ. 2024ರಲ್ಲಿ ತಾದೇಯ್ ಪೊಗಾಚಾರ್, ಪ್ಲಾತೋ ದ ಬೇಯ್ ಬೆಟ್ಟವನ್ನು 1998ರ ಪಾಂತಾನಿಗಿಂತ ಮೂರು ನಿಮಿಷಕ್ಕೂ ಮಿಗಿಲಾದ ಅಂತರದಿಂದ ಬೇಗ ಏರಿದನು. 1998ರ ಪಾಂತಾನಿಯ ಮೂತ್ರದಲ್ಲಿ ಇಪಿಓ ಇದ್ದುದು 2013ರಲ್ಲಿ ಫ್ರಾನ್ಸಿನ ಸೆನೆಟ್ ವರದಿಯಿಂದ ಬಯಲಾಗಿತ್ತು. ಪೊಗಾಚಾರನಾದರೋ ಯಾವ ಪರೀಕ್ಷೆಯಲ್ಲಿಯೂ ತಪ್ಪಿತಸ್ಥನಾಗಿಲ್ಲ. ಹಗುರ ಸೈಕಲ್ಲು, ಅಳೆದು ತಿನ್ನುವ ಆಹಾರ, ಶಾಸ್ತ್ರೀಯ ತರಬೇತಿ ಇವು ಕಾರಣವೆನ್ನುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಆದರೂ ಜನ ಚಪ್ಪಾಳೆ ತಟ್ಟುವ ಮುನ್ನ ಒಂದು ಕ್ಷಣ ಅನುಮಾನಿಸುತ್ತಾರೆ. ಹಿಂದಿನವರು ಮಾಡಿದ ಸಾಲವನ್ನು ಇಂದಿನ ಪ್ರಾಮಾಣಿಕನು ಬಡ್ಡಿಸಹಿತ ತೀರಿಸಬೇಕಾಗಿರುವುದೇ ಈ ಕ್ರೀಡೆಯ ದುರ್ದೈವ.